ಬೇಡವೆಂದ ಕಾಫಿ

ಈ ಮುಖ ನಗುತ್ತಿಲ್ಲವೋ, ನಗಲಾರದೋ? ಹಾಸಿಗೆಯ ಅಂಚಿನಲ್ಲಿ ಕುಳಿತ ರಾಗಿಬ್ ಅವರನ್ನು ನೋಡುತ್ತ ಮುನಿಬ್‌ಗೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಪಾರ್ಕಿನ್ಸನ್ ಕಾಯಿಲೆ ಮುಖದ ಸ್ನಾಯುಗಳನ್ನು ಬಿಗಿದುಬಿಡುತ್ತದೆ. ಒಳಗೆ ಸಂತೋಷವಿದ್ದರೂ ಹೊರಗೆ ಕಾಣುವುದು ಬರೀ ಗೋಡೆ. ಅದೇ ಗೋಡೆಯ ಹಿಂದೆ ಖಿನ್ನತೆಯೂ ಸದ್ದಿಲ್ಲದೆ ಕುಳಿತಿರಬಹುದು. ಇವತ್ತೇ ವೈದ್ಯರಿಗೆ ಹೇಳಬೇಕೆ, ಇನ್ನೂ ಕಾಯಬೇಕೆ? ತಾನು ತಪ್ಪಿದರೆ ಕಳೆದುಹೋಗುವುದು ಈ ಮನುಷ್ಯ.

ಇದು ಕಳೆದ ಜನವರಿಯ ಒಂದು ಬೆಳಗು. ತ್ರಾವ್ನಿಕ್ ಎಂಬ ಬೆಟ್ಟದೂರಿನ ಮಾಡುಗಳ ಮೇಲೆ ಹಿಮ ಇನ್ನೂ ನೀಲಿಯಾಗಿದೆ. ಮಾನಸಿಕ ಆರೋಗ್ಯ ಕೇಂದ್ರದ ನರ್ಸ್ ಮುನಿಬ್ ಮನೆಮನೆಗೆ ಹೋಗುವುದು ಈ ಹೊತ್ತಿನಲ್ಲೇ. ರಾತ್ರಿಯ ಮಾತ್ರೆಯ ಬಲ ಇಳಿದಿರುತ್ತದೆ, ಬೆಳಗಿನದು ಇನ್ನೂ ಹತ್ತಿರುವುದಿಲ್ಲ. ಮೈಯೂ ಮನಸ್ಸೂ ಒಟ್ಟಿಗೆ ಕುಸಿಯುವ ಹೊತ್ತು ಅದು. "ಹತ್ತು ಗಂಟೆಗೆ ಹೋದ್ರೆ ಎಲ್ಲರೂ ತಲೆ ಬಾಚ್ಕೊಂಡು ಚೆನ್ನಾಗಿದೀನಿ ಅಂತಾರೆ," ಎನ್ನುತ್ತಾರೆ ಮುನಿಬ್, ತಮ್ಮ ಬಗ್ಗೆ ಬರೆಯಲು ಬಂದ ನನಗೆ. ಬೆಟ್ಟದ ಓಣಿಗಳಲ್ಲಿ ಕಾರು ಹೋಗದು. ದಿನಕ್ಕೆ ಆರೇಳು ಮನೆ, ಎಲ್ಲ ನಡಿಗೆಯಲ್ಲೇ. ಮುನಿಬ್ ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಸಂಜೆ ಮರಳುವ ಮನೆಯಲ್ಲಿ ಅವರೊಬ್ಬರೇ.

ರಾಗಿಬ್ ಈ ಊರಿನ ಬಸ್ ಓಡಿಸುತ್ತಿದ್ದವರು. ಹತ್ತಿದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಹೊಸ್ತಿಲು ದಾಟುವುದಿಲ್ಲ. ಹೆಂಡತಿ ಶೆಫಿಕಾಗೆ ಅದಕ್ಕಿಂತ ದೊಡ್ಡ ನೋವು ನೆರೆಯವರ ಮಾತಿನದು. "ನಿಮ್ಮ ಯಜಮಾನ್ರಿಗೆ ಯಾಕಿಷ್ಟು ಜಂಬ ಬಂತು ಅಂತಾರೆ. ಕಿಟಕೀಲಿ ಕೂತಿರ್ತಾರೆ, ಸಲಾಂ ಅಂದ್ರೂ ತಿರುಗಿ ಅನ್ನಲ್ವಂತೆ."

ಮನಸ್ಸಿನ ಮಾತು ತೆಗೆದರೆ ರಾಗಿಬ್ ಅವರದು ಒಂದೇ ಉತ್ತರ. "ಕೈ ನಡುಗೋದಕ್ಕೆ ಕೊಡು, ನುಂಗ್ತೀನಿ. ಹುಚ್ಚರ ಮಾತ್ರೆ ನಂಗ್ಯಾಕೆ?"

ಅಂದು ಶೆಫಿಕಾ ಎಂದಿನಂತೆ ಕಾಫಿ ತಂದಿಟ್ಟರು. ಅತಿಥಿಗೆ ಕಾಫಿ ಬಗ್ಗಿಸುವುದು ಯಜಮಾನನ ಹಕ್ಕು. ಆದರೆ ಗಂಡನ ಕೈ ನಡುಗುವುದನ್ನು ಪರರು ನೋಡಬಾರದೆಂದು ಈಗ ಆ ಕೆಲಸ ಅವರೇ ಮಾಡುತ್ತಾರೆ. ಮುನಿಬ್ ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ನಂಗೆ ಬೇಡ ಅಕ್ಕ. ರಾಗಿಬಣ್ಣ ಕಾಯಿಸಿದ್ರೆ ಕುಡೀತೀನಿ."

ನಮ್ಮ ತ್ರಾವ್ನಿಕ್‌ನಲ್ಲಿ ಕಾಫಿ ಬೇಡವೆನ್ನುವುದೆಂದರೆ ಇನ್ನು ಈ ಮನೆ ಮೆಟ್ಟುವುದಿಲ್ಲ ಎಂದಂತೆ. ಶೆಫಿಕಾರ ಮುಖ ಬಿಳಿಚಿಕೊಂಡಿತು. ತಿಂಗಳುಗಳಿಂದ ಪಿಸುಮಾತಾಗಿದ್ದ ರಾಗಿಬ್ ಅವರ ದನಿ ಮೇಲೆದ್ದಿತು.

"ಏನಂದೆ? ನನ್ನ ಮನೆ ಬಟ್ಟಲು ತಳ್ತೀಯಾ?"

"ಹೂಂ, ತಳ್ದೆ."

"ನಿಮ್ಮಪ್ಪ ಟಿಕೆಟ್ ಇಲ್ದೆ ನನ್ನ ಬಸ್ ಹತ್ತುತ್ತಿದ್ದ. ಅವನಿಗೂ ಇಷ್ಟು ಧಿಮಾಕು ಇರ್ಲಿಲ್ಲ ಕಣೋ."

"ಬೈಯೋದಿದ್ರೆ ಒಲೆ ಮುಂದೆ ನಿಂತು ಬೈಯಿರಿ."

ರಾಗಿಬ್ ಎದ್ದರು. ಗೋಡೆ ಹಿಡಿದು ಅಡುಗೆಮನೆಗೆ ಹೋದರು. ಅರ್ಧ ಕಾಫಿ ಒಲೆಯ ಮೇಲೆ ಚೆಲ್ಲಿತು. ಬಟ್ಟೆ ಹಿಡಿದು ಧಾವಿಸಿದ ಶೆಫಿಕಾರನ್ನು ಮುನಿಬ್ ಕಣ್ಣಲ್ಲೇ ತಡೆದರು. ಬೆನ್ನು ತಿರುಗಿಸಿಕೊಂಡೇ ರಾಗಿಬ್ ಹೇಳಿದರು: "ಬೆಳಿಗ್ಗೆ ಕಣ್ಣು ಬಿಡೋದೇ ಬೇಡ ಅನ್ಸುತ್ತೆ ಮಾರಾಯ. ದಿನಾ."

"ಅದೂ ನಡುಕದ ಹಾಗೇನೇ ಅಣ್ಣ, ಆ ಕಾಯಿಲೇದೇ ಕೆಲಸ. ನಿಮ್ದಲ್ಲ."

ಅಂದೇ ವೈದ್ಯರಿಗೆ ಸುದ್ದಿ ಹೋಯಿತು. ಉಳಿದ ಮಾತ್ರೆಗಳ ಜೊತೆ ಹೊಂದುವ, ಖಿನ್ನತೆಯ ಇನ್ನೊಂದು ಮಾತ್ರೆ ಬಂತು; ರಾಗಿಬ್ ಅದನ್ನೂ ನುಂಗಿದರು. ಹಲವು ವಾರ ಏನೂ ಬದಲಾಗಲಿಲ್ಲ. ಮುನಿಬ್ ಪ್ರತಿವಾರ ಬಂದರು, ಕುಳಿತರು, ಚೆಲ್ಲಿ ಉಳಿದ ಕಾಫಿ ಕುಡಿದರು. ಆಮೇಲೆ ಇಬ್ಬರೂ ಓಣಿಯ ತುದಿಯವರೆಗೆ ನಡೆಯತೊಡಗಿದರು.

ಈಗ ಏಪ್ರಿಲ್. ರಾಗಿಬ್ ಬಾಗಿಲಲ್ಲಿ ನಿಂತು ದಾರಿಹೋಕರಿಗೆ ತಾವೇ ಮೊದಲು ಸಲಾಂ ಹೇಳುತ್ತಾರೆ. ಮುಖ ಮಾತ್ರ ಹಾಗೇ ಇದೆ. ಅದು ಹಾಗೇ ಇರುತ್ತದೆ.

"ಇನ್ಮೇಲೆ ತಿಂಗಳಿಗೊಂದ್ಸಲ ಬಾ ಸಾಕು," ಎನ್ನುತ್ತಾರೆ ಮುನಿಬ್‌ಗೆ. "ವಾರ ವಾರ ಎದ್ದ ತಕ್ಷಣ ನಿನ್ನ ಮೂತಿ ಯಾವನು ನೋಡ್ತಾನೆ?"

ಮುನಿಬ್ ಇಬ್ಬರ ಪರವಾಗಿಯೂ ನಗುತ್ತಾರೆ. "ಒಳ್ಳೇದೇ ಆಯ್ತು ಬಿಡಿ. ಆ ಹೊತ್ತಲ್ಲಿ ಇನ್ನೊಬ್ಬರ ಮನೆಗೆ ಹೋಗ್ತೀನಿ."

ಇಳಿಜಾರಿನಲ್ಲಿ ಜೊತೆಗೆ ನಡೆಯುತ್ತ, ನಿಮಗೇನು ಆಸೆ ಎಂದು ಮುನಿಬ್ ಅವರನ್ನು ಕೇಳಿದೆ. "ನಮ್ಮ ಕೆಲಸ ಸರಿಯಾಗಿ ಆದ್ರೆ ಜನ ನಮ್ಮನ್ನ ಕರೆಯೋದು ನಿಲ್ಲಿಸ್ತಾರೆ. ಅಷ್ಟಾದ್ರೆ ಸಾಕು," ಎಂದರು.

ನನ್ನನ್ನು ಸಲಿಗೆಯಿಂದ ಬೈಯುವವರು ಈ ಊರಿನಲ್ಲಿ ಉಳಿದಿರುವುದು ನೀವೊಬ್ಬರೇ ಎಂದು ರಾಗಿಬ್ ಅವರಿಗೆ ಮುನಿಬ್ ಹೇಳಲೇ ಇಲ್ಲ.