ನಾನು ಹೊಗಳಿದ ಖೋ ಖೋ ತಂಡ

ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ಇಳಿದು ಟೀ ಅಂಗಡಿ ಹುಡುಕುತ್ತಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಕೈ.

ದೊಡ್ಡ ಫ್ಲೆಕ್ಸು. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೊಂದರದ್ದು. 'ನಮ್ಮ ಶಾಲೆಯ ಹೆಮ್ಮೆ, ತಾಲ್ಲೂಕು ಖೋ ಖೋ ಚಾಂಪಿಯನ್ಸ್, ಅಡ್ಮಿಷನ್ ಓಪನ್.' ಏಳು ಜನ ಹುಡುಗಿಯರು ಹಳದಿ ಟೀ ಶರ್ಟಿನಲ್ಲಿ ನಗುತ್ತಿದ್ದಾರೆ. ಬಲತುದಿಯ ಹುಡುಗಿಯ ಭುಜದ ಮೇಲೆ ಒಂದು ಕೈ ಇದೆ. ಕೈ ಮಾತ್ರ. ಆ ಕೈ ಇಟ್ಟವಳು ಫ್ಲೆಕ್ಸಿನಲ್ಲಿ ಎಲ್ಲೂ ಇಲ್ಲ.

ಬೇರೆಯವರಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಆಗಲಿಲ್ಲ. ಯಾಕೆಂದರೆ ಆ ಫೋಟೊ ತೆಗೆದವನು ನಾನೇ. (ಎಡಗಡೆಯಿಂದ ಮೂರನೆಯವಳು ಕಣ್ಣು ಮುಚ್ಚಿದ್ದಾಳಲ್ಲ, ಅದು ನನ್ನ ಕೈಚಳಕ.) ನಾನು ತೆಗೆದಾಗ ಅದರಲ್ಲಿ ಒಂಬತ್ತು ಜನ ಇದ್ದರು. ಮೈಮೇಲೆ ಸರ್ಕಾರ ಕೊಟ್ಟ ಯೂನಿಫಾರಂ ಇತ್ತು. ಹಿಂದೆ ಬಿಸಿಯೂಟದ ಕೋಣೆ ಇತ್ತು. ಫ್ಲೆಕ್ಸಿನವರು ಬಟ್ಟೆ ಬದಲಾಯಿಸಿದ್ದಾರೆ, ಕೋಣೆ ತೆಗೆದು ಮೂರಂತಸ್ತಿನ ಕಟ್ಟಡ ಕೂರಿಸಿದ್ದಾರೆ, ಇಬ್ಬರು ಹುಡುಗಿಯರನ್ನು ಕತ್ತರಿಸಿ ಹಾಕಿದ್ದಾರೆ. ಕೈಯೊಂದನ್ನು ಮರೆತಿದ್ದಾರೆ.

ಈ ಅಂಕಣವನ್ನು ವಾರವಾರ ಓದುವವರಿಗೆ ಆ ಒಂಬತ್ತು ಜನ ಗೊತ್ತಿರಬೇಕು. ಕಳೆದ ವರ್ಷ ಅವರ ಬಗ್ಗೆ ಇಲ್ಲೇ ಬರೆದಿದ್ದೆ. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ, ಎಂಟನೇ ಕ್ಲಾಸಿನವರೆಗೆ. (ಊರಿನ ಹೆಸರು ಆಗ ಹಾಕಿದ್ದೆ. ಈಗ ಹಾಕುವುದಿಲ್ಲ.) ಆರು, ಏಳನೇ ಕ್ಲಾಸು ಸೇರಿಸಿದರೆ ಒಂಬತ್ತೇ ಹುಡುಗಿಯರು. ಖೋ ಖೋ ಅಂಕಣಕ್ಕೆ ಇಳಿಯಲು ಬೇಕಾದದ್ದೂ ಒಂಬತ್ತೇ ಜನ. ಒಬ್ಬಳಿಗೆ ಕಾಲು ಉಳುಕಿದರೆ ತಂಡವೇ ಇಲ್ಲ. ಅಂಥವರು ಹೋಬಳಿ ಗೆದ್ದರು, ತಾಲ್ಲೂಕು ಗೆದ್ದರು. ಜಿಲ್ಲೆಯಲ್ಲಿ ಒಂದೇ ಒಂದು ಪಾಯಿಂಟಿನಲ್ಲಿ ಸೋತು, ಅತ್ತು, ವಾಪಸ್ ಬಂದರು.

ಅವರನ್ನು ತಯಾರು ಮಾಡಿದ್ದು ಪಿ.ಟಿ. ಮಾಸ್ತರಲ್ಲ. ಆ ಶಾಲೆಗೆ ಪಿ.ಟಿ. ಮಾಸ್ತರೇ ಇಲ್ಲ. ಗಣಿತ ಹೇಳಿಕೊಡುವ ಸುಮಿತ್ರಾ ಮಿಸ್ಸು. ಐವತ್ತು ದಾಟಿದ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆಂದು ಯಾರೋ ತರಿಸಿದ್ದ ಸೌದೆಯಲ್ಲಿ ನೆಟ್ಟಗಿರುವ ಎರಡು ನೀಲಗಿರಿ ತುಂಡು ಕೇಳಿ ತಂದು, ಅಂಕಣದ ಎರಡೂ ಕಡೆ ಕಂಬ ನೆಡಿಸಿದ್ದರು.

"ಸೀಸನ್ನಲ್ಲಿ ಮನೇಲಿ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಕಟ್ಟೋ ಮಕ್ಕಳು ಸಾರ್ ಇವು. ಕೂರೋದು ನಾನು ಹೇಳಿಕೊಡಬೇಕಾಗಿಲ್ಲ. ಎದ್ದು ಓಡೋದು ಹೇಳಿಕೊಟ್ಟೆ, ಅಷ್ಟೆ" ಅಂದಿದ್ದರು.

ಆ ಮಾತನ್ನೇ ಹೆಡ್ಡಿಂಗ್ ಮಾಡಿದ್ದೆ. ಫೋಟೊ ಹಾಕಿದ್ದೆ. ಒಂಬತ್ತು ಹೆಸರೂ ಬರೆದಿದ್ದೆ. 'ಇಂಥ ಶಾಲೆಗಳತ್ತ ಯಾರಾದರೂ ಕಣ್ಣು ಹಾಯಿಸುತ್ತಾರೆಯೇ?' ಅಂತ ಕೊನೆಯಲ್ಲಿ ಜೋರಾಗಿ ಕೇಳಿದ್ದೆ. ಎಷ್ಟು ಫೋನು ಬಂದವು ಅಂತೀರಿ! ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ ನನಗೆ.

ಕಣ್ಣು ಹಾಯಿಸಿದ್ದರು. ಯಾರು ಅನ್ನುವುದು ಹ್ಯಾಂಡ್‌ಪೋಸ್ಟಿನ ಫ್ಲೆಕ್ಸಿನಿಂದ ಗೊತ್ತಾಯಿತು.

ಹೋದ ಕೆಲಸ ಬಿಟ್ಟು ಆಟೊ ಹಿಡಿದು ಆ ಊರಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಸುಮಿತ್ರಾ ಮಿಸ್ಸು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿಕೊಟ್ಟರು.

"ಆ ಸ್ಕೂಲಿನೋರು ನಿಮ್ಮ ಪೇಪರ್ ಕಟಿಂಗನ್ನೇ ಕೈಯಲ್ಲಿ ಹಿಡ್ಕೊಂಡು ಬಂದ್ರು ಸಾರ್. ಅದರಲ್ಲಿ ಹೆಸರಿತ್ತಲ್ಲ, ಒಂದೊಂದೇ ಹೆಸರು ಕೇಳ್ಕೊಂಡು ಮನೆಮನೆಗೆ ಹೋದ್ರು. ಮೊದಲನೇ ವರ್ಷ ಫ್ರೀ, ವ್ಯಾನು ಫ್ರೀ ಅಂದ್ರು. ಟೆಸ್ಟ್ ಇಟ್ರು. ಏಳು ಜನ ಪಾಸಾದ್ರು."

"ಎಂಥ ಟೆಸ್ಟು? ಓಟದ್ದಾ?"

"ಇಂಗ್ಲಿಷ್ ಪ್ಯಾರಾ ಓದಬೇಕಿತ್ತು."

ಇಷ್ಟೇ ಆಗಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಏಳು ಜನರ ಹಿಂದೆ ಅವರ ತಮ್ಮಂದಿರು ತಂಗಿಯರು ಹೋದರು. ಅವರನ್ನು ನೋಡಿ ಪಕ್ಕದ ಮನೆಯವರು ಕಳಿಸಿದರು. ವ್ಯಾನು ಹೇಗಿದ್ದರೂ ಊರಿಗೆ ಬರುತ್ತಿದೆಯಲ್ಲ! ಜೂನಿನಲ್ಲಿ ಶಾಲೆ ಬಾಗಿಲು ತೆಗೆದಾಗ ಹಾಜರಿ ಪುಸ್ತಕ ಅರ್ಧ ಖಾಲಿ. ಮಕ್ಕಳು ಕಡಿಮೆಯಾದರೆ ಮೇಷ್ಟ್ರುಗಳು 'ಹೆಚ್ಚುವರಿ' ಆಗುತ್ತಾರೆ. ಅದು ಇಲಾಖೆಯ ಭಾಷೆ. ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿ ಸುಮಿತ್ರಾ ಮಿಸ್ಸಿನ ಹೆಸರು ಬಂದಿದೆ. ಪಿರಿಯಾಪಟ್ಟಣದ ಕಡೆಯ ಯಾವುದೋ ಶಾಲೆ ಸಿಗಬಹುದಂತೆ. ತಾಲ್ಲೂಕಿಗೇ ಹೆಸರು ತಂದ ಟೀಚರು ಈಗ ಈ ಊರಿಗೆ ಹೆಚ್ಚು.

"ಹೋದ ಹುಡುಗಿಯರಾದರೂ ಆಡುತ್ತಿದ್ದಾರಾ?" ಅಂತ ಕೇಳಿದೆ. ಅಷ್ಟಾದರೂ ಒಳ್ಳೆಯ ಸುದ್ದಿ ಬೇಕಿತ್ತು ನನಗೆ.

"ಲಕ್ಷ್ಮಿ ಅನ್ನೋಳು ಸಂಜೆ ವ್ಯಾನಿಂದ ಇಳಿದಾಗ ಸಿಗ್ತಾಳೆ. ಕೇಳಿದೆ. 'ಇಲ್ಲ ಮಿಸ್, ಅಲ್ಲಿ ಗ್ರೌಂಡಿಗೆಲ್ಲ ಟೈಲ್ಸ್ ಹಾಕವ್ರೆ, ಓಡಿದ್ರೆ ಬೈತಾರೆ' ಅಂದ್ಲು. ಇಂಗ್ಲಿಷ್ ಸಾಲದು ಅಂತ ಒಂದು ಕ್ಲಾಸು ಹಿಂದಕ್ಕೆ ಬೇರೆ ಹಾಕಿದ್ದಾರೆ."

ಅಂದರೆ ಆ ಶಾಲೆಗೆ ಬೇಕಾದದ್ದು ಆಟವಲ್ಲ, ಆಟಗಾರರೂ ಅಲ್ಲ. ಒಂದು ಫೋಟೊ. ಅದನ್ನು ನಾನು ಪುಕ್ಕಟೆ ತೆಗೆದುಕೊಟ್ಟಿದ್ದೆ.

ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ? ಶಾಲೆಯ ಎದುರಿನ ಅಂಗಡಿ ಜಗಲಿಯಲ್ಲಿ ಲಕ್ಷ್ಮಿಯ ಅಪ್ಪ ಕೂತಿದ್ದರು. ಎರಡು ಎಕರೆ ಹೊಗೆಸೊಪ್ಪು, ಅರ್ಧ ಎಕರೆ ರಾಗಿ ಇರುವ ಮನುಷ್ಯ. ಕಳೆದ ವರ್ಷ ಮಗಳು ಕಪ್ಪು ಹಿಡಿದಾಗ ನನ್ನ ಕೈ ಕುಲುಕಿದ್ದವರು.

"ಎಲ್ಲಾ ಸೇರಿ ಒಂದು ಒಳ್ಳೇ ಟೀಮು ಕೆಡಿಸಿಬಿಟ್ರಲ್ಲ ಯಜಮಾನ್ರೆ" ಅಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಂಗಲ್ಲ ಕಣ್ ಸಾ. ಮನೆ ಬಾಗ್ಲಿಗೆ ವ್ಯಾನು ಬತ್ತದೆ, ಮಗು ಇಂಗ್ಲೀಸು ಕಲೀತದೆ ಅಂದ್ರೆ ಯಾವ ತಂದೆ ಬ್ಯಾಡ ಅಂದಾನು? ಖೋ ಖೋ ಆಡ್ಕಂಡು ಎಷ್ಟ್ ದಿನ ಇದ್ದದು ಹೆಣ್ಣೈಕ್ಳು?" ಜೇಬಿನಿಂದ ಬೀಡಿ ತೆಗೆದು ಕೇಳಿದರು: "ಒಂದ್ ಮಾತ್ ಕೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ನಿಮ್ ಮಕ್ಳು ಯಾವ ಸ್ಕೂಲಲ್ಲಿ ಓದಿದ್ದು?"

ನನ್ನ ಮಗಳು ಓದಿದ್ದು ಮೈಸೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ದಿನಾ ನಮ್ಮೂರು ಹುಣಸೂರಿನಿಂದ ವ್ಯಾನಿನಲ್ಲಿ ಕಳಿಸುತ್ತಿದ್ದೆ. ಸರ್ಕಾರಿ ಶಾಲೆ ಉಳಿಸಿ ಅಂತ ಈ ಜಾಗದಲ್ಲಿ ಎಷ್ಟು ಸಲ ಬರೆದಿದ್ದೇನೋ, ಅಷ್ಟೂ ಸಲ ಅವಳ ಫೀಸು ಕಟ್ಟಿ ಬಂದೇ ಬರೆದಿದ್ದೇನೆ. ಅವರು ಉತ್ತರಕ್ಕೆ ಕಾಯಲಿಲ್ಲ, ಬೀಡಿ ಹಚ್ಚಿ ಎದ್ದು ಹೋದರು.

ಶಾಲೆಗೆ ವಾಪಸ್ ಬಂದೆ. ಬಿಸಿಯೂಟದ ತಟ್ಟೆ ತೊಳೆಯುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ ಎದ್ದು ನಿಂತಳು. ರೂಪಾ. ಫ್ಲೆಕ್ಸಿನಲ್ಲಿ ಕೈ ಮಾತ್ರ ಉಳಿದವಳು. ಆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳೂ ಇವಳೇ. ಕಂಬ ಹಿಡಿದು ಗಿರ್ರನೆ ತಿರುಗಿ ನೆಲಕ್ಕೆ ಹಾರಿ ಔಟ್ ಮಾಡುತ್ತಿದ್ದಳು, ಎದುರು ತಂಡದ ಟೀಚರುಗಳೇ ಚಪ್ಪಾಳೆ ಹೊಡೆದಿದ್ದರು. ಇಂಗ್ಲಿಷ್ ಪ್ಯಾರಾದ ಎರಡನೇ ಸಾಲಿನಲ್ಲಿ ನಿಂತುಬಿಟ್ಟಳಂತೆ. ಈಗ ಎಂಟನೇ ಕ್ಲಾಸು. ಈ ಶಾಲೆಯಲ್ಲಿ ಇದೇ ಕೊನೆಯ ವರ್ಷ.

ಇನ್ನೊಬ್ಬಳು ಕಾವ್ಯ, ಏಳನೇ ಕ್ಲಾಸು. ಅವಳೂ ಪ್ಯಾರಾದಲ್ಲಿ ಫೇಲು. ಇಬ್ಬರೂ ದಿನಾ ಸಂಜೆ ಅಂಕಣದ ಗೆರೆಗೆ ಸುಣ್ಣದ ಪುಡಿ ಹಾಕುತ್ತಾರಂತೆ. ಇಬ್ಬರೇ ಆಡುವ ಆಟವೇ ಅದು? ಒಬ್ಬಳು ಕೂರುತ್ತಾಳೆ, ಇನ್ನೊಬ್ಬಳು ಹಿಂದಿನಿಂದ ಬಂದು 'ಖೋ' ಅನ್ನುತ್ತಾಳೆ. ಅವಳು ಎದ್ದು ಓಡುತ್ತಾಳೆ. ಹಿಡಿಯುವುದಕ್ಕೆ ಮುಂದೆ ಯಾರೂ ಇರುವುದಿಲ್ಲ. ಇದನ್ನು ಮಿಸ್ಸು ಹೇಳುವಾಗ ನನಗೆ ಕಣ್ಣು ತುಂಬಿ ಬಂತು, ಮರೆಮಾಚಲು ಏನೂ ಇಲ್ಲ.

ಹೋಬಳಿ ಪಂದ್ಯಕ್ಕೆ ಹೆಸರು ಕೊಡಲು ಇನ್ನು ಸ್ವಲ್ಪವೇ ದಿನ ಇದೆ. ನಾಲ್ಕನೇ ಕ್ಲಾಸಿನ ಪುಟಾಣಿಗಳನ್ನೂ ಸೇರಿಸಿ ಮಿಸ್ಸು ಎಣಿಸಿ ನೋಡಿದ್ದಾರೆ. ಒಂಬತ್ತು ಆಗುವುದಿಲ್ಲ.

ನಾನು ಹೊರಟಾಗ ರೂಪಾ ಗೇಟಿನ ತನಕ ಬಂದಳು. ಏನೋ ಕೇಳುವುದಿತ್ತು. ಲಂಗದ ಅಂಚಿಗೆ ಕೈ ಒರೆಸಿಕೊಳ್ಳುತ್ತಾ ನಿಂತಳು.

"ಏನಮ್ಮ?" ಅಂದೆ.

"ಸಾ, ಅವ್ರು ಏಳು ಜನನೂ ನೀವು ಪೇಪರ್ನಲ್ಲಿ ಬರ್ದಿದ್ಕೇ ಅಲ್ವಾ ಒಂಟೋದದ್ದು?"

ಬೈಗುಳವಾಗಿರಲಿಲ್ಲ ಅದು. ಅವಳ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಗಣಿತದ ಲೆಕ್ಕ ಸರಿಯಿದೆಯೇ ಅಂತ ಮಕ್ಕಳು ಕೇಳುವ ಹಾಗೆ ಕೇಳಿದಳು. "ಹೌದಮ್ಮ" ಅಂದೆ. ಬೇರೇನು ಹೇಳಲಿ?

"ಅಂಗಾರೆ ಇನ್ನೊಂದ್ಸಲ ಬರೀರಿ ಸಾ. ವಾಪಸ್ ಬತ್ತರೆ."

ಬರೆದಿದ್ದೇನೆ, ರೂಪಾ. ಈ ಸಲ ಇದನ್ನು ಕೈಯಲ್ಲಿ ಹಿಡಿದುಕೊಂಡು ಯಾರು ಬರುತ್ತಾರೋ?