ಗೆರೆಯಿಲ್ಲದ ಬೆರಳು

ಅವರ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಎಮರಿ ಪೇಪರೆಂಬ ಉಜ್ಜುಕಾಗದದ ಮೇಲೆ ಲೋಹ ತಿಕ್ಕಿ ತಿಕ್ಕಿ ಸವೆದುಹೋಗಿದ್ದವು. ಕಾಲೇಜಿಗೆ ಹಾಜರಿ ಯಂತ್ರ ಬಂದಾಗ ಅದು ಎಲ್ಲರ ಬೆರಳನ್ನೂ ಗುರುತಿಸಿತು, ಅವರದನ್ನು ಮಾತ್ರ ಇಲ್ಲ. ಹಳೆಯ ರಜಿಸ್ಟರಿನಲ್ಲೇ ಸಹಿ ಮಾಡುತ್ತ, "ನನ್ನ ಗುರುತು ಲ್ಯಾಬಿನ ಉಕ್ಕಿನ ತುಂಡುಗಳ ಮ್ಯಾಲೈತ್ರಿ, ಮಷೀನಿಗೇನು ಗೊತ್ತು" ಎಂದು ಕ್ಲಾರ್ಕಿಗೆ ಹೇಳುತ್ತಿದ್ದರು.

ಧಾರವಾಡದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಲೋಹಶಾಸ್ತ್ರದ ಲ್ಯಾಬಿನ ಇನ್‌ಸ್ಟ್ರಕ್ಟರ್. ಅಲ್ಲಿನ ಮುಖ್ಯ ಪ್ರಯೋಗವೆಂದರೆ ಉಕ್ಕಿನ ತುಂಡನ್ನು ದೊರಗು ಕಾಗದದಿಂದ ನಯ ಕಾಗದದವರೆಗೆ ಒಂದೊಂದರ ಮೇಲೂ ತಿಕ್ಕುವುದು. ಹಿಂದಿನ ಗೀರು ಪೂರ್ತಿ ಅಳಿದ ಮೇಲೆಯೇ ಮುಂದಿನ ಕಾಗದ. ಕೊನೆಗೆ ಆಸಿಡ್ ಸೋಕಿಸಿದರೆ ಸೂಕ್ಷ್ಮದರ್ಶಕದಲ್ಲಿ ಉಕ್ಕಿನ ಕಣಗಳು ಕಾಣಬೇಕು.

ನಮ್ಮದು ದುರ್ಗದಬೈಲಿನ ಪೇಟೆಯಲ್ಲಿ ಪಾತ್ರೆ ಅಂಗಡಿ. ಹೊಳೆದರೆ ಮಾಲು ಮಾರಿಹೋಗುತ್ತದೆ ಎಂಬ ಮಾತು ಕೇಳಿಯೇ ಬೆಳೆದವಳು ನಾನು. ನಡುವಿನ ಎರಡು ಕಾಗದ ಹಾರಿಸಿ, ಬಟ್ಟೆಯಲ್ಲಿ ಉಜ್ಜಿ, ಮುಖ ಕಾಣುವಂತೆ ಮಿಂಚಿಸಿ ಅವರ ಮುಂದಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಇಣುಕಿದೆ. ನೇಗಿಲು ಹೊಡೆದ ಹೊಲದಂತೆ ಬರೀ ಗೀರು.

"ಹೊಳಪು ನಿಮ್ಮಪ್ಪನ ಅಂಗಡ್ಯಾಗ ನಡೀತೈತಿ ತಂಗಿ. ಇಲ್ಲಿ ನಡ್ಯಾಂಗಿಲ್ಲ. ಮೊದಲಿಂದ ತಿಕ್ಕು."

ಪ್ರಯೋಗಗಳನ್ನು ಬರೆದಿಡುವ ಜರ್ನಲ್‌ಗೆ ಅವರ ಸಹಿ ಬೀಳದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿರಲಿಲ್ಲ. ಪರೀಕ್ಷೆಗೆ ಉಳಿದದ್ದು ನಾಲ್ಕೇ ದಿನ. ನನಗೆ ಸಿಟ್ಟು ನೆತ್ತಿಗೇರಿತು. ಬೇರೆಯವರ ತುಂಡು ತೋರಿಸಿ ಪಾರಾಗು ಎಂದರು ಗೆಳತಿಯರು. ಒಲ್ಲೆ ಎಂದೆ. ನನ್ನ ತುಂಡಿಗೇ ಈ ಮನುಷ್ಯನ ಸಹಿ ಹಾಕಿಸುತ್ತೇನೆಂದು ಹಟ ಹಿಡಿದು ಮೂರು ಸಂಜೆ ತಿಕ್ಕಿದೆ. ಪ್ರತಿ ಸಲ ಕಿಟಕಿಗೆ ಹಿಡಿದು "ಇನ್ನೂ ಐತಿ" ಎನ್ನುವರು. ಮನೆಗೆ ಹೋಗುವ ಹೊತ್ತಾದರೂ ಎದುರಿನ ಸ್ಟೂಲಿನಲ್ಲಿ ಕೂತು ತಾವೂ ಒಂದು ತುಂಡು ತಿಕ್ಕುತ್ತಿದ್ದರು. ಆ ತುಂಡು ಯಾರಿಗೂ ಬೇಕಿರಲಿಲ್ಲ. ನಾನು ಒಬ್ಬಳೇ ಆಗಬಾರದೆಂದು ಅಷ್ಟೇ.

ಮೂರನೆಯ ಸಂಜೆ ಕಣಗಳು ಕಂಡವು, ಸಣ್ಣ ಕರಿಗೆರೆಗಳ ನಡುವೆ ಬೆಳ್ಳಗೆ, ಒಂದರ ಪಕ್ಕ ಒಂದು. ನಾನು ಅತ್ತೇಬಿಟ್ಟೆ. ಅವರು ಸಹಿ ಹಾಕಿ, "ಈಗ ಇದು ನಿಂದು" ಎಂದರು.

ಈಗ ನಾನು ಲಕಮನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಲೋಹ ಪರೀಕ್ಷಿಸುತ್ತೇನೆ. ಮ್ಯಾನೇಜರ್ ಎಷ್ಟೇ ಅವಸರ ಮಾಡಲಿ, ಒಂದು ಕಾಗದವನ್ನೂ ಹಾರಿಸಿಲ್ಲ. ಲ್ಯಾಬಿನ ಆ ಗುರುಗಳು ನಿವೃತ್ತರಾದ ಎರಡೇ ವರ್ಷಕ್ಕೆ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿತು, ಮುಖ ನೋಡಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಹೋದ ವಾರ ಗೇಟಿನ ಹಾಜರಿ ಯಂತ್ರ ನನ್ನ ಹೆಬ್ಬೆರಳನ್ನು ಮೂರು ಸಲವೂ ಒಪ್ಪಲಿಲ್ಲ. ಒರೆಸಿ ಮತ್ತೆ ಇಡಲು ಕಾವಲುಗಾರ ಹೇಳಿದ. ನಾನು ಒರೆಸಲಿಲ್ಲ. ರಜಿಸ್ಟರ್ ಕೇಳಿ ಪಡೆದು, ನಿಧಾನವಾಗಿ, ದೊಡ್ಡದಾಗಿ ಸಹಿ ಮಾಡಿದೆ.