ಅವ್ವ ನೋಡದ ಧಾರಾವಾಹಿ

ಕಾಲುವೆಗೆ ನೀರು ಬಿಟ್ಟ ಮೂರನೆಯ ದಿನ, ಬುಧವಾರ, ಅವ್ವನಿಗೆ ಲಕ್ವ ಹೊಡೆಯಿತು. ನನ್ನ ಡೈರಿಯ ಆ ಪುಟದಲ್ಲಿ ಎರಡೇ ಸಾಲುಗಳಿವೆ: ನೀರು ನಮ್ಮ ಹೊಲದವರೆಗೆ ಬಂತು, ಅವ್ವನನ್ನು ಯಾದಗಿರಿಗೆ ಒಯ್ದೆವು.

ಹದಿನೆಂಟು ದಿನಗಳ ಮೇಲೆ ಅವಳನ್ನು ದೇವಾಪುರಕ್ಕೆ ಕರೆತಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ನಾವು ಆಡಿದ ಮಾತು ಅವಳಿಗೆ ತಿಳಿಯುತ್ತಿತ್ತು, ಅವಳಿಗೆ ಮಾತ್ರ ಮಾತು ಬರುತ್ತಿರಲಿಲ್ಲ. ದಿನವೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಗಂಜಿ ಕುಡಿಸಲು ಹೋದರೆ ಎರಡು ಚಮಚೆಗೆ ಹಲ್ಲು ಬಿಗಿಹಿಡಿಯುತ್ತಿದ್ದಳು. ಆಸ್ಪತ್ರೆ ಬಿಟ್ಟು ಬರುವಾಗ ಡಾಕ್ಟರು ಅಪ್ಪನಿಗೆ ಹೇಳಿದ್ದರು: "ಔಷಧ ನಾ ಕೊಡ್ತೀನಿ. ಆದ್ರ ಬದುಕಬೇಕು ಅಂತ ಅವ್ರಿಗೇ ಅನ್ನಿಸ್ಬೇಕು. ಅವ್ರಿಗೆ ಏನ್ ಇಷ್ಟ ಐತಿ, ಅದನ್ನ ಕಣ್ಣ ಮುಂದ ಇಡ್ರಿ."

ಅಪ್ಪ ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಅಣ್ಣನಿಗೆ ಹೇಳಿದ: "ದೊಡ್ಡ ಟೀವಿ ತರ್ರಿ. ಛಲೋದ ತರ್ರಿ. ಮಲಗಿದಲ್ಲೇ ಕಾಣಬೇಕು ಆಕಿಗೆ."

ನಮ್ಮದು ಹಳೆಯ ಡಬ್ಬಿ ಟೀವಿ. ಪಡಸಾಲೆಯ ಮೂಲೆಯಲ್ಲಿತ್ತು. ಕೇಬಲ್ ತಂತಿ ಬೇವಿನ ಗಿಡದ ಮೇಲಿಂದ ಬಂದಿದ್ದರಿಂದ ಗಾಳಿ ಬೀಸಿದಾಗಲೆಲ್ಲ ಮುಖಗಳ ಮೇಲೆ ಗೆರೆ ಓಡುತ್ತಿತ್ತು. ಅದನ್ನು ಹಗ್ಗದಿಂದ ಬಿಗಿದು ಟಂಟಂ ಗಾಡಿಯಲ್ಲಿ ಶಹಾಪುರಕ್ಕೆ ಒಯ್ದೆವು, ಹೊಸದರ ಬದಲಿಗೆ ಕೊಡಲು.

ಅಂಗಡಿಯಲ್ಲಿ ಎರಡು ಟೀವಿಗಳು ಪಕ್ಕಪಕ್ಕದಲ್ಲಿ ನಡೆದಿದ್ದವು. ಎರಡರಲ್ಲೂ ಒಂದೇ ಗಿಣಿ. "ಇದು ಸಾದಾ, ಇದು ಎಚ್‌ಡಿ. ನೀವ ನೋಡ್ರಿ, ನಾ ಏನೂ ಹೇಳಂಗಿಲ್ಲ," ಎಂದರು ಅಂಗಡಿಯವರು. ಎಚ್‌ಡಿಯ ಗಿಣಿಗೆ ಒಂದೊಂದು ಪುಕ್ಕವೂ ಬೇರೆಬೇರೆ ಕಾಣುತ್ತಿತ್ತು.

"ಹೊರಗ ಹಾರಿ ಬರ್ತೈತೇನೋ ಅನ್ನಂಗ ಐತ್ರಿ," ಎಂದ ಅಣ್ಣ.

"ಬಂದ್ರ ಅದಕ್ಕೂ ಬಿಲ್ ಹಾಕ್ತೀನಿ."

ಅಣ್ಣ ನಕ್ಕ. ಮನೆಯಲ್ಲಿ ನಕ್ಕು ಎಷ್ಟೋ ದಿನವಾಗಿತ್ತು. ಟೀವಿ ಬೇಗ ನಿಕ್ಕಿಯಾಯಿತು. ತಡವಾದದ್ದು ಡಿಶ್‌ಗೆ.

"ಪ್ಯಾಕ್ ಯಾವ್ದು ಹಾಕಸ್ತೀರಿ? ನೋಡಾವ್ರು ಯಾರು?" ಅಂಗಡಿಯವರು ಕೇಳಿದರು.

"ನಮ್ಮವ್ವ," ಎಂದೆ.

"ಅವ್ವಾರು ಏನ್ ನೋಡ್ತಾರ?"

ಅಣ್ಣ ನನ್ನ ಮುಖ ನೋಡಿದ. "ದೇವರ ಚಾನೆಲ್ ಹಾಕ್ರಿ," ಎಂದ.

"ಅವ್ವ ಯಾವಾಗ ದೇವರ ಚಾನೆಲ್ ನೋಡ್ಯಾಳಣ್ಣ? ಧಾರಾವಾಹಿ ನೋಡ್ತಾಳ."

"ಯಾವ ಧಾರಾವಾಹಿ ತಂಗೀ? ಚಾನೆಲ್ ಹೇಳಿದ್ರ ಅದರ ಪ್ರಕಾರ ಪ್ಯಾಕ್ ಕೊಡಬಹುದು."

ಅವ್ವನಿಗೆ ಯಾವುದು ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ರಾತ್ರಿ ಒಂದಾದ ಮೇಲೊಂದು ಧಾರಾವಾಹಿ ಹಚ್ಚುತ್ತಿದ್ದವಳು ನಾನೇ, ಅದೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅರೆಬರೆ ನೋಡುತ್ತ. ಅಣ್ಣ ಅಪ್ಪನಿಗೆ ಫೋನು ಹಚ್ಚಿದ.

"ನನಗೇನ್ ಗೊತ್ತಪಾ? ನಾ ಸುದ್ದಿ ನೋಡೂವಾಗ ಆಕಿ ಒಳಗ ರೊಟ್ಟಿ ಬಡೀತಿದ್ಲು. ಆಮ್ಯಾಲ ನೀವ ನೋಡ್ತಿದ್ರಿ. ನಿಮಗ ಗೊತ್ತಿರಬೇಕು." ಅಪ್ಪನ ದನಿ ಫೋನಿನಿಂದ ಅಂಗಡಿಯವರಿಗೂ ಕೇಳಿಸಿತು.

ಅವರು ಮೆತ್ತಗೆ ಹೇಳಿದರು: "ಕನ್ನಡದ್ದು ಎಲ್ಲಾ ಹಾಕಸ್ಬಿಡ್ರಿ. ಯಾವ್ದರ ಒಂದು ಹಿಡಸ್ತೈತಿ."

ಮರುದಿನ ಸುರಪುರದಿಂದ ಡಿಶ್ ಕೂಡಿಸುವವನು ಬಂದು, ಮಾಳಿಗೆಯ ಮೇಲೆ ಛತ್ರಿ ನಿಲ್ಲಿಸಿ, ಒಳಕೋಣೆಯಲ್ಲಿ ಅವ್ವನ ಮಂಚದ ಎದುರಿನ ಗೋಡೆಗೆ ಟೀವಿ ಬಿಗಿದು ಹೋದ. ತೆರೆಯ ಮೇಲೆ ಒಬ್ಬ ಹೆಂಗಸಿನ ಮುಖ ಬಂದಾಗ ಅಪ್ಪ ಎದ್ದು ಹತ್ತಿರ ಹೋದ. "ಮೂಗುತಿ ಹರಳ ಎಣಿಸಬಹುದಲ್ಲೇ," ಎಂದು ಅವ್ವನ ಕಡೆ ತಿರುಗಿದ. ಅವ್ವ ಒಂದು ಗಳಿಗೆ ನೋಡಿ ಕಣ್ಣು ಮುಚ್ಚಿದಳು.

ಡಾಕ್ಟರಿಗೆ ತೋರಿಸಲು ನಾನು ದಿನಾ ಬರೆದಿಡತೊಡಗಿದೆ. ಯಾವ ಚಾನೆಲ್ ಹಚ್ಚಿದ್ದು, ಕಣ್ಣು ತೆರೆದಿದ್ದಳೋ ಮುಚ್ಚಿದ್ದಳೋ, ಎಷ್ಟು ಚಮಚೆ ಗಂಜಿ ಹೋಯಿತು. ಧಾರಾವಾಹಿ, ಭಜನೆ, ಅಡುಗೆ, ಹಳೆಯ ಸಿನಿಮಾ, ಕಾಡಿನ ಪ್ರಾಣಿಗಳು. ಹುಲಿಯ ಮೀಸೆ ಸಹ ಕೂದಲು ಕೂದಲಾಗಿ ಕಾಣುತ್ತಿತ್ತು. ಒಂದು ವಾರದ ಪುಟಗಳಲ್ಲಿ ಎಲ್ಲದರ ಮುಂದೆಯೂ ಒಂದೇ ಶಬ್ದ: ಮುಚ್ಚಿದಳು. ಗಂಜಿ ಎರಡು ಚಮಚೆಯಿಂದ ಮೇಲೇರಲಿಲ್ಲ. ಅವ್ವ ಹೋಗುತ್ತಾಳೆ ಎಂದು ನನಗೆ ಮೊದಲ ಸಲ ಭಯವಾದದ್ದು ಆಸ್ಪತ್ರೆಯಲ್ಲಲ್ಲ, ಆ ಟೀವಿಯ ಮುಂದೆ.

ಭಾನುವಾರ ಸಂಜೆ ನಾಟಿಯ ಹೆಂಗಸರು ಬಂದರು. ಭತ್ತದ ಸಸಿ ಹಚ್ಚಲು ಅವ್ವ ಅವರ ಜೊತೆಗೇ ಹೋಗುತ್ತಿದ್ದಳು. ಗುಂಪಿನ ಹಿರಿಯಳನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಕೆಸರುಗಾಲು ತೊಳೆದುಕೊಂಡು ಒಳಗೆ ಬಂದು ಅವ್ವನ ಕಾಲ ಬಳಿ ಕುಳಿತಳು.

"ಹೊಲದಾಗ ಮಾತ ಇಲ್ಲದಂಗ ಆಗೈತಿ, ಯವ್ವಾ. ನಿಮ್ಮವ್ವ ಇದ್ರ ಸಾಲು ಯಾವಾಗ ಮುಗೀತು ಅನ್ನೂದ ಗೊತ್ತಾಗ್ತಿರ್ಲಿಲ್ಲ. ರಾತ್ರಿ ನೋಡಿದ ಧಾರಾವಾಹಿ ಮುಂಜಾನಿ ನಮಗ ಹೇಳಾಕಿ."

"ಯಾವ ಧಾರಾವಾಹಿ, ದೊಡ್ಡವ್ವ?" ನಾನು ಪೆನ್ನು ಹಿಡಿದೇ ಕೇಳಿದೆ.

"ಅದ, ಎಂಟು ಗಂಟಿದು. ಮೂರು ಸೊಸ್ಯಾರದು."

ಅವರಲ್ಲಿ ಎಲ್ಲರಿಗಿಂತ ಸಣ್ಣವಳು ಹೇಳಿದಳು: "ನಮ್ಮನ್ಯಾಗ ಟೀವಿ ಐತಿ, ನಾ ನೋಡ್ತಿರ್ಲಿಲ್ಲ ನೋಡು. ನೋಡಿಬಿಟ್ರ ನಾಳಿ ಕೇಳಾಕ ಏನ್ ಉಳೀತೈತಿ?"

ಭಾನುವಾರ ಆ ವಾರದ ಕಂತುಗಳನ್ನು ಮತ್ತೆ ತೋರಿಸುತ್ತಿದ್ದರು, ನಾನು ಅದನ್ನು ಹಚ್ಚಿದೆ. ಹೆಂಗಸರು ಗೋಡೆಗೆ ಆತು ಕುಳಿತರು. ಮೆಟ್ಟಿಲಿನ ಮೇಲೆ ಕೆಂಪು ಸೀರೆಯವಳೊಬ್ಬಳು ನಿಂತು ಅಳುತ್ತಿದ್ದಳು.

"ಸಣ್ಣ ಸೊಸಿ ಎಲ್ಲಿ?" ದೊಡ್ಡವ್ವ ಕೇಳಿದಳು.

"ಈಕಿನ, ದೊಡ್ಡವ್ವ," ಎಂದೆ.

"ಈಕಿ? ಹೇ, ಹೋಗ! ಸಣ್ಣ ಸೊಸಿ ಕರ್ರಗ, ಎತ್ತರಕ. ನಕ್ರ ಎಡಗಲ್ಲಕ್ಕ ಕುಣಿ ಬೀಳ್ತೈತಿ. ಆಕಿ ಹಿಂಡಾಕ ಕುಂತ್ಲಂದ್ರ ಒದಿಯೂ ಎಮ್ಮಿ ಸೈತ ಸುಮ್ಮ ನಿಂದರ್ತೈತಿ."

"ಎಮ್ಮಿ ಎಲ್ಲೈತಿ? ಇವ್ರು ಬಂಗ್ಲೆದವ್ರು."

"ಮತ್ತ ಅತ್ತಿ ಬೆಲ್ಲದ ಡಬ್ಬಿ ಸಜ್ಜಿ ಚೀಲದಾಗ ಮುಚ್ಚಿಟ್ಟಿದ್ದು?"

"ಅಂಥಾದು ಬಂದೇ ಇಲ್ಲ, ದೊಡ್ಡವ್ವ."

ಎಲ್ಲರೂ ಅವ್ವನತ್ತ ತಿರುಗಿದರು. ಕಣ್ಣು ಮುಚ್ಚಿಯೇ ಇದ್ದಳು. ಆದರೆ ಬಾಯಿಯ ಎಡ ಅಂಚು ಮೇಲೆದ್ದಿತ್ತು.

"ಕಳ್ಳಿ!" ದೊಡ್ಡವ್ವ ಅವಳ ಕಾಲಿಗೆ ರಪ್ಪನೆ ಹೊಡೆದಳು. "ಇಷ್ಟು ವರ್ಷ ನಮಗ ಸುಳ್ಳ ಹೇಳ್ಕೋತ ಬಂದಾಳ! ಆ ಬೆಲ್ಲದ ಸಲುವಾಗಿ ನಾ ಅತ್ತೀನಿ, ಗೊತ್ತೇನ?"

ಹೆಂಗಸರು ನಕ್ಕರು. ಅವ್ವನ ಎಡಭುಜ ಅಲುಗುತ್ತಿತ್ತು. ಅಂದು ಅವಳು ಒಂದು ಬಟ್ಟಲು ಗಂಜಿ ಕುಡಿದಳು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮರುದಿನ ರೊಟ್ಟಿ ಬಡಿಯಲು ಅವ್ವನ ಜಾಗದಲ್ಲಿ ಕುಳಿತಾಗ ನನಗೆ ತಿಳಿಯಿತು. ಒಲೆಯ ಮುಂದೆ ಕುಳಿತರೆ ಬೆನ್ನು ಪಡಸಾಲೆಗೆ, ಮುಖ ಗೋಡೆಗೆ. ಇಷ್ಟು ವರ್ಷ ಅವ್ವನಿಗೆ ಅಲ್ಲಿಗೆ ಟೀವಿಯ ದನಿಯಷ್ಟೇ ಬರುತ್ತಿತ್ತು, ಅದೂ ರೊಟ್ಟಿ ಬಡಿಯುವ ಸದ್ದಿನ ನಡುನಡುವೆ. ಕೇಳದೆ ಹೋದದ್ದನ್ನು ಅವಳು ತಾನೇ ತುಂಬಿಕೊಂಡಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದವಳ ಎದುರು ನಾವು ಮೂಗುತಿಯ ಹರಳು ತಂದು ನಿಲ್ಲಿಸಿದ್ದೆವು.

ಅವ್ವನ ಮಂಚವನ್ನು ಅಡುಗೆಮನೆಗೆ ಒಯ್ದೆವು. ಟೀವಿ ಪಡಸಾಲೆಗೆ ಬಂತು. ಆದರೆ ಹೊಸ ಟೀವಿಯ ದನಿ ತೆಳ್ಳಗೆ. ಎಷ್ಟು ಏರಿಸಿದರೂ ಒಲೆಯವರೆಗೆ ಬರುವಾಗ ಮಾತು ಮಾತಾಗಿ ಉಳಿಯುತ್ತಿರಲಿಲ್ಲ. ಹಳೆಯ ಡಬ್ಬಿಯ ದನಿ ಬೀದಿಯವರೆಗೂ ಹೋಗುತ್ತಿತ್ತು. ಅದನ್ನು ಮರಳಿ ತರಲು ಅಣ್ಣ ಶಹಾಪುರಕ್ಕೆ ಹೋಗಿ, ಬರಿಗೈಯಲ್ಲಿ ಬಂದ. ಅಂಗಡಿಯವರು ಹಳೆಯ ಟೀವಿಗಳನ್ನೆಲ್ಲ ಲಾರಿಗೆ ಹೇರಿ ಹೈದರಾಬಾದಿಗೆ ಕಳಿಸಿಬಿಟ್ಟಿದ್ದರಂತೆ. "ಬಂದ ದಿನಾನ ಕೇಳಿದ್ರ ಇತ್ರಿ, ಅಂದ್ರು," ಎಂದು ಹೇಳಿ ಅಣ್ಣ ಊಟ ಮಾಡದೆ ಮಲಗಿದ.

ಅಂದಿನಿಂದ ದೊಡ್ಡವ್ವನೇ ಸಂಜೆ ಬರತೊಡಗಿದಳು. ಅವ್ವನ ಎಡಗೈ ಹಿಡಿದು, ಕಥೆ ನಿಂತಲ್ಲಿಂದ ಕೇಳುತ್ತಿದ್ದಳು. ಹೌದಾದರೆ ಅವ್ವ ಬೆರಳು ಒತ್ತಬೇಕು, ಅಲ್ಲವಾದರೆ ಸುಮ್ಮನಿರಬೇಕು.

"ಸಣ್ಣ ಸೊಸಿ ಗಂಟು ಕಟ್ಟಿಕೊಂಡು ತವರಿಗೆ ಹೊಂಟು, ಕಾಲುವಿ ದಂಡಿಗೆ ನಿಂತಾಳ. ಅಲ್ಲಿಗೆ ಬಿಟ್ಟಿದ್ದಿ ನೀ. ಹೊಳ್ಳಿ ಮನಿಗೆ ಬಂದ್ಲೇನ?"

ಅವ್ವ ಸುಮ್ಮನಿದ್ದಳು.

"ತವರಿಗೆ ಹೋದ್ಲೇನ?"

ಸುಮ್ಮನಿದ್ದಳು.

"ಗಂಡ ಬಂದು ಕರದ್ನೇನ? ಅತ್ತಿ ಸತ್ಲೇನ? ಸಾಯ್ಲಿ ಬಿಡು." ಅವ್ವನ ತುಟಿ ಅಲುಗುತ್ತಿತ್ತು, ಬೆರಳು ಅಲುಗುತ್ತಿರಲಿಲ್ಲ. ಬಾಯಿ ತೆರೆದು ಏನನ್ನೋ ಹೇಳಲು ಹೋಗಿ, ಗಂಟಲಿನ ಸದ್ದಷ್ಟೇ ಬಂದಾಗ ಕಣ್ಣೀರು ಹಾಕಿಕೊಳ್ಳುತ್ತಿದ್ದಳು. "ಅವಸರಿಲ್ಲ, ನಾಳಿ ಹೇಳಂತಿ," ಎಂದು ದೊಡ್ಡವ್ವ ಎದ್ದು ಹೋಗುತ್ತಿದ್ದಳು. ಗಂಜಿ ದಿನಾ ಅರ್ಧ ಬಟ್ಟಲಾದರೂ ಹೋಗುತ್ತಿತ್ತು. ಹೀಗೆ ಆ ಬೆಳೆ ಕಟಾವಿಗೆ ಬರುವವರೆಗೆ ನಡೆಯಿತು.

ಹಿಂಗಾರಿನ ನೀರು ಬಿಡುವ ಮೊದಲೇ ಅವ್ವನಿಗೆ ಎರಡನೆಯ ಸಲ ಹೊಡೆಯಿತು. ಆ ಸಲ ಯಾದಗಿರಿಯ ತನಕ ಹೋಗುವುದಾಗಲಿಲ್ಲ.

ನೀರು ಬಂದ ಮೇಲೆ, ಕಾಲೇಜಿಗೆ ರಜೆ ಇದ್ದ ಒಂದು ವಾರ ನಾನು ನಾಟಿಗೆ ಹೋದೆ. ಅವ್ವ ನಿಲ್ಲುತ್ತಿದ್ದ ಸಾಲಿನ ನಡುವಿನ ಜಾಗವನ್ನು ಯಾರೂ ತುಂಬಿರಲಿಲ್ಲ. ನನ್ನನ್ನು ಅಲ್ಲಿಗೇ ಕಳಿಸಿದರು. ಬಗ್ಗಿ, ಸಸಿ ಊರುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದೆವು.

"ಹೇಳವ್ವ, ಮುಂದ ಏನಾತು?" ದೊಡ್ಡವ್ವ ಕೇಳಿದಳು.

ನಾನು ಹಿಂದಿನ ರಾತ್ರಿ ಪೂರಾ ಕುಳಿತು ನೋಡಿದ್ದೆ. ಕೆಂಪು ಸೀರೆ, ಮೆಟ್ಟಿಲು, ಹಾರದ ಮುತ್ತು, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಸಣ್ಣವಳು ಸಸಿ ಊರುತ್ತಲೇ ಅಂದಳು: "ಅದು ಟೀವಿದು ಆತು. ನಮ್ಮ ಸಣ್ಣ ಸೊಸಿದು?"

"ನನಗ ಗೊತ್ತಿಲ್ಲ," ಎಂದೆ.

ದೊಡ್ಡವ್ವ ಬದುವಿನ ಮೇಲಿನ ಸಸಿಯ ಕಟ್ಟೊಂದನ್ನು ತೆಗೆದು ನನ್ನ ಮುಂದೆ ನೀರಿಗೆ ಎಸೆದಳು. ಅದನ್ನು ಬಿಚ್ಚಿಕೊಂಡು ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.